ಇಂದಾಪುರದ ಗುಂಟೆ ಯಾರ ಹೆಸರಿನಲ್ಲಿದೆ?

ಮುಂಬಯಿಯ ದುಡಿಯುವ ಕನ್ನಡಿಗರ ನಡುವೆ ಈಗ ಒಂದು ಮಾತು ಹಬ್ಬಿದೆ. “ಈ ಊರಿನಲ್ಲಿ ಒಂದು ಖೋಲಿ ಕೊಳ್ಳುವಷ್ಟು ಹಣ ನಮಗೆ ಏಳು ಜನ್ಮಕ್ಕೂ ಕೂಡಿಬರುವುದಿಲ್ಲ. ಇಂದಾಪುರದ ಕಡೆ ಒಂದೆರಡು ಗುಂಟೆ ಹಿಡಿದುಬಿಡು. ಮುಂದೆ ಮನೆ ಕಟ್ಟಿಕೊಂಡು ನೆಮ್ಮದಿಯಾಗಿ ಇರಬಹುದು.” ಸಂಘಗಳ ಸಮಾರಂಭದಲ್ಲಿ ಚಹಾ ಹಂಚುವ ಹೊತ್ತಿಗೆ ಬಣ್ಣದ ಹಸ್ತಪತ್ರಿಕೆಯೂ ಕೈಗೆ ಬರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು, ಮೋಸವೆಷ್ಟು ಎಂಬುದನ್ನು ಬಿಚ್ಚಿ ಹೇಳದಿದ್ದರೆ ಕಾರ್ಮಿಕರ ಪತ್ರಿಕೆ ಇದ್ದೂ ಪ್ರಯೋಜನವಿಲ್ಲ.

ಇಂದಾಪುರವೇ ಏಕೆ? ಅದು ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲೆ ಪುಣೆಯಿಂದ ಸುಮಾರು 135 ಕಿಲೋಮೀಟರು ದೂರದ ತಾಲ್ಲೂಕು ಊರು. ಕಲಬುರಗಿ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯ ನಮ್ಮವರು ಬಸ್ಸಿನಲ್ಲಿ ಊರಿಗೆ ಹೋಗುವಾಗ ದಾಟುವ ಊರು. ಸುತ್ತ ಕಬ್ಬು, ಸಕ್ಕರೆ ಕಾರ್ಖಾನೆಗಳು. ಒಂದು ಮಗ್ಗುಲಿಗೆ ಉಜನಿ ಅಣೆಕಟ್ಟಿನ ಹಿನ್ನೀರು. ನಗರ ಪರಿಷತ್ತಿದೆ, ತಹಸೀಲ್ದಾರ ಕಚೇರಿಯಿದೆ, ಸಂತೆ ಪೇಟೆಯಿದೆ. ಅರ್ಧ ಪೇಟೆ, ಅರ್ಧ ಹಳ್ಳಿ. ಕರಾವಳಿಯಿಂದ ಬಂದ ಹೊಟೇಲು ಕೆಲಸಗಾರನಿಗೆ ಅದು ಊರ ದಾರಿಯಲ್ಲದಿದ್ದರೂ, ಹೆದ್ದಾರಿಯ ಪಕ್ಕದಲ್ಲಿ ಸ್ವಂತದ ನಾಲ್ಕು ಮೇಜು ಹಾಕುವ ಕನಸು ಅವನಿಗೂ ಇದೆ.

ಈ ಆಸೆಯನ್ನು ನಗುವವರ ಗುಂಪಿಗೆ ನಾವು ಸೇರಿದವರಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಸರಿಸಿ ಮಲಗುವ ಮಾಣಿಗೆ, ಹತ್ತಡಿ ಖೋಲಿಯಲ್ಲಿ ಮಕ್ಕಳನ್ನು ಬೆಳೆಸಿದ ಗಿರಣಿ ಕೆಲಸಗಾರನಿಗೆ, ತನ್ನದೇ ಹೊಸ್ತಿಲು ಬೇಕೆನಿಸುವುದು ತಪ್ಪಲ್ಲ. ಸಣ್ಣ ಊರಿನಲ್ಲಿ ಬಾಳುವುದು ಹೀನವೂ ಅಲ್ಲ. ನಮ್ಮ ಜಗಳ ಊರಿನೊಡನೆ ಅಲ್ಲ. ಊರಿನ ಹೆಸರು ಹೇಳಿ ಮಾರುತ್ತಿರುವ ಸರಕಿನೊಡನೆ.

ಆ ಸರಕು ಏನು? ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ 1,089 ಚದರ ಅಡಿ. ದಲ್ಲಾಳಿ ಒಂದು ಎಕರೆ ಹೊಲಕ್ಕೆ ಸುಣ್ಣದ ಗೆರೆ ಎಳೆದು, ಅದನ್ನು ತುಂಡು ಮಾಡಿ ಮಾರುತ್ತಾನೆ. ಆದರೆ ಹೊಲವನ್ನು ಹೀಗೆ ತುಂಡು ಮಾಡಿ ಮಾರಕೂಡದೆಂದು ಈ ರಾಜ್ಯದಲ್ಲಿ 1947ರಿಂದಲೂ ಕಾನೂನಿದೆ. 2023ರಲ್ಲಿ ಮಿತಿಯನ್ನು ಇಳಿಸಿದ ಮೇಲೂ ಬಾಗಾಯತು ನೆಲಕ್ಕೆ 10 ಗುಂಟೆ, ಜಿರಾಯತಿಗೆ 20 ಗುಂಟೆ ಎಂದು ಇಟ್ಟರೇ ಹೊರತು, ಒಂದು ಗುಂಟೆಯ ಹೊಲವೆಂಬುದನ್ನು ಒಪ್ಪಲಿಲ್ಲ. ಮೇಲಾಗಿ 1948ರ ಗೇಣಿ ಕಾನೂನಿನ ಪ್ರಕಾರ, ರೈತನಲ್ಲದವನು ಸರ್ಕಾರದ ಅಪ್ಪಣೆಯಿಲ್ಲದೆ ಇಲ್ಲಿ ಹೊಲ ಕೊಳ್ಳುವಂತಿಲ್ಲ. ಹೊಟೇಲಿನ ಮಾಣಿ ಯಾವ ರೈತ?

ಹಾಗಾದರೆ ಮಾರಾಟ ಹೇಗೆ ನಡೆಯುತ್ತದೆ? ಛಾಪಾ ಕಾಗದದ ಮೇಲೆ ಒಂದು ಕರಾರು, ಅದಕ್ಕೆ ನೋಟರಿಯ ಮೊಹರು, ಜೊತೆಗೊಂದು ಮುಖ್ತಿಯಾರನಾಮೆ. ಇಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟು, “ಇನ್ನು ನೀವೇ ಮಾಲೀಕರು” ಎನ್ನುತ್ತಾರೆ. ಇಂಥ ಕಾಗದದಿಂದ ಮಾಲೀಕತ್ವ ಬರುವುದಿಲ್ಲ, ನೋಂದಣಿಯಾದ ಖರೀದಿ ಪತ್ರದಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2011ರಲ್ಲಿ ನಿಚ್ಚಳವಾಗಿ ಹೇಳಿದೆ. ಅಂದ ಮೇಲೆ ನೀವು ಕೊಟ್ಟ ಹಣ ಅವನದು, ನೆಲವೂ ಅವನದು. ನಿಮ್ಮದು ಚೀಲ ಮಾತ್ರ!

ಇದನ್ನು ಕೇಳಿದರೆ ದಲ್ಲಾಳಿಯ ಬಾಯಲ್ಲಿ ಮೂರು ಉತ್ತರಗಳು ಸಿದ್ಧವಾಗಿರುತ್ತವೆ.

ಮೊದಲನೆಯದು: “ಹತ್ತು ಜನರನ್ನು ಕೂಡಿಸಿ ಒಂದೇ ಸಾತ್‌ಬಾರಾ ಉತಾರೆಯಲ್ಲಿ ಹೆಸರು ಏರಿಸುತ್ತೇವೆ.” ಹೆಸರು ಏರಿತೆಂದೇ ಇಟ್ಟುಕೊಳ್ಳೋಣ. ಹತ್ತು ಜನರ ಪಾಲು ಕೂಡಿಯೇ ಇರುವ ನೆಲದಲ್ಲಿ ನಿಮ್ಮ ಗುಂಟೆ ಯಾವ ಮೂಲೆಯದು? ರಸ್ತೆಯ ಕಡೆಯದೋ, ಹಳ್ಳದ ಕಡೆಯದೋ? ನಾಳೆ ಒಬ್ಬ ತಕರಾರು ಎತ್ತಿದರೆ ಒಂಬತ್ತು ಜನ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಎರಡನೆಯದು: “ಸರ್ಕಾರ ಎಲ್ಲವನ್ನೂ ಸಕ್ರಮ ಮಾಡುತ್ತದೆ.” 2025ರಲ್ಲಿ ಸರ್ಕಾರ ವಸತಿ ಮುಂತಾದ ವಲಯಗಳೊಳಗಿನ ಹಳೆಯ ತುಂಡು ವ್ಯವಹಾರಗಳಿಗೆ ಸಕ್ರಮದ ದಾರಿ ತೆರೆದದ್ದು ನಿಜ. ಆದರೆ ಅದು ಹಿಂದೆ ಸಿಕ್ಕಿಬಿದ್ದವರನ್ನು ಬಿಡಿಸುವುದಕ್ಕೆ ಹೊರಟ ಕ್ರಮ. ಇನ್ನು ಮುಂದೆ ಬೀಳುವವರಿಗೆ ಕೊಟ್ಟ ಭರವಸೆಯಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: “ಸಣ್ಣ ಊರು, ಅಲ್ಲಿ ಯಾರು ಕೇಳುತ್ತಾರೆ?” ಕೇಳುವ ದಿನ ಬಂದೇ ಬರುತ್ತದೆ. ಇಂದಾಪುರದ ನೆಲವೇ ಇದಕ್ಕೆ ಸಾಕ್ಷಿ. 1980ರಲ್ಲಿ ಮುಗಿದ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹಳೆಯ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಪಳಸದೇವದ ಹಳೆಯ ದೇವಾಲಯ ಇಂದಿಗೂ ಮೇಲೆ ಕಾಣಿಸಿಕೊಳ್ಳುತ್ತದೆ. ಅಣೆಕಟ್ಟೇ ಬರಲಿ, ಹೆದ್ದಾರಿಯೇ ಅಗಲವಾಗಲಿ, ಸರ್ಕಾರ ನೆಲ ತೆಗೆದುಕೊಳ್ಳುವಾಗ ದಫ್ತರದಲ್ಲಿ ಹೆಸರಿದ್ದವನಿಗೆ ಪರಿಹಾರ ಕೇಳುವ ಬಾಯಾದರೂ ಇರುತ್ತದೆ. ನೋಟರಿಯ ಚೀಲ ಹಿಡಿದವನು ಯಾರನ್ನು ಕೇಳುವುದು? ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಕೊಳ್ಳಲೇಬಾರದೇ? ಕೊಳ್ಳಿರಿ, ಕಣ್ಣು ತೆರೆದು ಕೊಳ್ಳಿರಿ. ಊರ ಹೊರಗಿನ ಗೆರೆ ಎಳೆದ ಹೊಲಕ್ಕಿಂತ, ನಗರ ಪರಿಷತ್ತಿನ ಹದ್ದಿನೊಳಗೆ ಸ್ಪಷ್ಟ ಕಾಗದವಿರುವ ಎರಡು ಕೋಣೆಯ ಹಳೆಯ ಮನೆಯೇ ಮೇಲು. ನಿವೇಶನವೇ ಬೇಕೆಂದರೆ, ವಸತಿಗೆಂದು ಮಂಜೂರಾದ ನಕಾಶೆ ಇದೆಯೇ ಎಂದು ಕೇಳಿರಿ. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿ, ಎಂಟಕ್ಕಿಂತ ಹೆಚ್ಚು ನಿವೇಶನಗಳಿದ್ದರೆ ಅದು ಮಹಾರೇರಾದಲ್ಲಿ ನೋಂದಾಯಿತವಾಗಿರಬೇಕು. ಆ ಸಂಖ್ಯೆ ಕೊಡದವನಿಗೆ ಬಿಡಿಗಾಸನ್ನೂ ಕೊಡಬೇಡಿರಿ. ಸಾತ್‌ಬಾರಾ ಉತಾರೆಯ “ಇತರ ಅಧಿಕಾರ”ದ ಕಲಮಿನಲ್ಲಿ ಬ್ಯಾಂಕಿನ ಬೋಜಾ ಇದೆಯೇ, ಒಡೆಯನ ಹೆಸರಿನ ಬಳಿ “ಭೋಗವಟಾದಾರ ವರ್ಗ 2” ಎಂದಿದೆಯೇ ನೋಡಿರಿ. ವರ್ಗ 2ರ ನೆಲ ಅಪ್ಪಣೆಯಿಲ್ಲದೆ ಮಾರುವಂಥದ್ದಲ್ಲ. ಮರಾಠಿ ಓದಲು ಬಾರದಿದ್ದರೆ ಓದಬಲ್ಲವನನ್ನು ಕರೆದೊಯ್ಯಿರಿ, ದಲ್ಲಾಳಿಯಿಂದಲೇ ಓದಿಸಿಕೊಳ್ಳಬೇಡಿರಿ. ಮನೆಯನ್ನು ಹೆಂಗಸಿನ ಹೆಸರಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡ 1ರ ರಿಯಾಯಿತಿ 2021ರಿಂದ ಇದೆ. ಗಂಡಸರು ವರುಷಕ್ಕೆ ಹನ್ನೊಂದು ತಿಂಗಳು ಮುಂಬಯಿಯಲ್ಲಿರುವ ಸಂಸಾರದಲ್ಲಿ ಇದು ಹಣದ ಉಳಿತಾಯವಷ್ಟೇ ಅಲ್ಲ, ನ್ಯಾಯವೂ ಹೌದು.

ಇನ್ನೊಂದು ಪ್ರಶ್ನೆಯನ್ನು ಯಾವ ಹಸ್ತಪತ್ರಿಕೆಯೂ ಎತ್ತುವುದಿಲ್ಲ: ಅಲ್ಲಿಗೆ ಹೋಗಿ ಮಾಡುವುದೇನು? 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಆ ನೆಲದ ಮೇಲೆ ಗೋಪುರಗಳು ಎದ್ದವು. ಕೆಲಸಗಾರರಿಗೆ 2012ರ ಮೊದಲ ಚೀಟಿಯಲ್ಲಿ ಸಿಕ್ಕಿದ್ದು 6,925 ಮನೆ. ಅರ್ಜಿ ಹಾಕಿದವರು ಲಕ್ಷಕ್ಕೂ ಮೀರಿದ್ದರು. 2024ರಲ್ಲಿ ಸರ್ಕಾರ, ಮುಂಬಯಿಯ ಆಚೆಗಿನ ಶೇಲು, ವಾಂಗಣಿಗಳಲ್ಲಿ 81,000 ಮನೆ ಕೊಡುತ್ತೇವೆಂದಾಗ, “ನಮ್ಮ ಬೆವರು ಬಿದ್ದದ್ದು ಮುಂಬಯಿಯಲ್ಲಿ, ಮನೆಯೂ ಇಲ್ಲೇ ಬೇಕು” ಎಂದು 2025ರ ಜುಲೈಯಲ್ಲಿ ಆಜಾದ್ ಮೈದಾನದಲ್ಲಿ ಕೆಲಸಗಾರರು ಸೇರಿದರು. ನ್ಯಾಯವಾದ ಬೇಡಿಕೆ. ಲೋಕಲ್ ಗಾಡಿಯಿರುವ ವಾಂಗಣಿಯೇ ದೂರವೆಂದ ಮೇಲೆ, ಸ್ವಂತ ರೈಲು ನಿಲ್ದಾಣವೂ ಇಲ್ಲದ ಇಂದಾಪುರ ಹತ್ತಿರವಾದದ್ದು ಹೇಗೆ?

ಆದುದರಿಂದ ನಮ್ಮ ಮಾತು ಇಷ್ಟು. ದುಡಿಮೆ ಮುಗಿದು, ಮಕ್ಕಳು ನೆಲೆನಿಂತು, ಮುಂಬಯಿಯ ಹಂಗು ಹರಿದವನಿಗೆ ಇಂದಾಪುರದಂಥ ಊರು ಒಳ್ಳೆಯದೇ. ಅವನೂ ಮೊದಲು ಒಂದು ವರುಷ ಬಾಡಿಗೆಗೆ ಇದ್ದು ನೋಡಲಿ. ಬೇಸಿಗೆಯಲ್ಲಿ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ರಾತ್ರಿ ಎದೆ ನೋವು ಬಂದರೆ ಯಾವ ಆಸ್ಪತ್ರೆ, ನೆರೆಹೊರೆ ಎಂಥದ್ದು ಎಂಬುದನ್ನು ಹಸ್ತಪತ್ರಿಕೆ ಹೇಳದು. ಒಂದು ವರುಷದ ವಾಸ ಹೇಳುತ್ತದೆ. ಇನ್ನೂ ಮೂವತ್ತರ ಹರೆಯದಲ್ಲಿರುವ ಮಾಣಿ ತನ್ನ ಭೀಸಿಯ ಹಣವನ್ನೆಲ್ಲ ಅಲ್ಲಿ ಹೂತು, ತಾನು ಇಲ್ಲಿ ಮೇಜಿನ ಕೆಳಗೆ ಮಲಗುವುದಾದರೆ ಅದು ಮನೆಯಲ್ಲ, ದಲ್ಲಾಳಿಯ ಲಾಭ.

ಹಾಗೂ ಅವನು ಚೀಲದ ಕಾಗದಕ್ಕೆ ಏಕೆ ಬಲಿಯಾಗುತ್ತಾನೆ? ಸ್ಪಷ್ಟ ಕಾಗದದ ಮನೆಗೆ ಬ್ಯಾಂಕು ಸಾಲ ಕೊಡುತ್ತದೆ. ಆದರೆ ಪಗಾರದ ಚೀಟಿ ಕೇಳುತ್ತದೆ. ನಮ್ಮ ಎಷ್ಟೋ ಹೊಟೇಲುಗಳಲ್ಲಿ ಗಲ್ಲೆಯಿಂದ ಎತ್ತಿಕೊಡುವ ನೋಟೇ ಪಗಾರ. ಚೀಟಿಯೂ ಇಲ್ಲ, ಪಿ.ಎಫ್. ಕೂಡ ಇಲ್ಲ. 20 ಜನರಿಗೆ ಕಡಮೆಯಿಲ್ಲದ ಕಡೆ ಪಿ.ಎಫ್. ಕಟ್ಟುವುದು ಮಾಲೀಕನ ದಯೆಯಲ್ಲ, ಕಾನೂನು. ಆ ನಿಧಿಯಿಂದ ಮನೆಗಾಗಿ ಹಣ ಪಡೆಯಲೂ ಅವಕಾಶವಿದೆ. ಕನ್ನಡಿಗ ಮಾಲೀಕರು ಸಂಘದ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ಮೊದಲು ತಮ್ಮ ಕೆಲಸಗಾರರ ಪಿ.ಎಫ್. ಸಂಖ್ಯೆಗಳನ್ನು ತೋರಿಸಲಿ.

ಸಂಘಗಳೂ ಎರಡು ಕೆಲಸ ಮಾಡಲಿ. ಗುಂಟೆ ಮಾರುವವರ ಹಸ್ತಪತ್ರಿಕೆಗೆ ಸಭಾಗೃಹದಲ್ಲಿ ಜಾಗ ಕೊಡದಿರಲಿ. ಅವರು ಕೊಡುವ ದೇಣಿಗೆ ನಮ್ಮವರ ಜೇಬಿನದೇ. ತಿಂಗಳಿಗೊಂದು ಭಾನುವಾರ, ಮರಾಠಿ ಕಾಗದ ಓದಬಲ್ಲ ಒಬ್ಬ ವಕೀಲರನ್ನು ಕೂರಿಸಿ, ಮುಂಗಡ ಕೊಡುವ ಮೊದಲೇ ಉತಾರೆ ತೋರಿಸಿಕೊಳ್ಳುವ ಏರ್ಪಾಟು ಮಾಡಲಿ. ಬಂಧುಗಳೇ, ಇದು ಆಗುವವರೆಗೆ ಜೇಬಿನಲ್ಲಿರುವ ಹಣ ಜೇಬಿನಲ್ಲೇ ಇರಲಿ.