ಹೆಗಲು ಸೋತವರ ಬಿಲ್ಲು

ಏಕಲವ್ಯನ ಕಥೆ ಕೇಳಿದ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ದ್ರೋಣರು ಹೆಬ್ಬೆರಳನ್ನೇ ಯಾಕೆ ಕೇಳಿದರು? ಕಿರುಬೆರಳು ಸಾಲುತ್ತಿರಲಿಲ್ಲವೇ? ಉತ್ತರ ಬಿಲ್ಲಿನಲ್ಲೇ ಇದೆ. ಹೆಬ್ಬೆರಳನ್ನು ಕೊಕ್ಕೆಯ ಹಾಗೆ ಹೆದೆಗೆ ಸಿಕ್ಕಿಸಿ ಎಳೆಯುವುದು ಏಷ್ಯಾದ ಹಲವು ಕಡೆ ಹಳೆಯ ರೂಢಿ. ಹಾಗೆ ಕಲಿತವನಿಗೆ ಹೆಬ್ಬೆರಳು ಹೋದರೆ ಬಿಲ್ಲೇ ಹೋದಂತೆ. ಆಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ಚುರುಕು ಬರಲಿಲ್ಲ ಎನ್ನುತ್ತದೆ ಮಹಾಭಾರತ.

ಈ ವಾರ ನಾನು ಹೇಳಹೊರಟಿರುವುದು ಹೆಬ್ಬೆರಳಲ್ಲ, ಹೆಗಲು ಕಳೆದುಕೊಂಡ ಒಬ್ಬರ ವಿಷಯ. ಈ ಅಂಕಣ ಓದುತ್ತ ಬಂದವರಿಗೆ ಮಿಷಿಗನ್ನಿನ ನಮ್ಮ ಪಕ್ಕದ ಮನೆಯ ಹಿರಿಯರು ಗೊತ್ತು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಮೊಮ್ಮಗಳ ಬಾಯಲ್ಲಿ ‘ಜಿಂಕೆ ತಾತ’.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಹಾಗಲ್ಲ. ಪರವಾನಗಿ ಪಡೆದವರು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಬಹುದು. ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ ಬಿಲ್ಲಿನವರ ಕಾಲ. 15ರಿಂದ 30ರವರೆಗೆ ಕೋವಿಯವರ ಕಾಲ. ಮಕ್ಕಳೇ, ಕೇಳಿದರೆ ನಗುತ್ತೀರಿ: ನವೆಂಬರ್ 15ರಂದು ಇಲ್ಲಿನ ಎಷ್ಟೋ ಶಾಲೆಗಳಿಗೆ ರಜೆ!

ಜಿಂಕೆ ತಾತ ಬಿಲ್ಲಿನವರು. ಮೂವತ್ತು ವರ್ಷ ಅದೇ ಮೂರು ಗೆಳೆಯರು, ಅದೇ ಕಾಡು. ಮರದ ಮೇಲೆ ಅಟ್ಟಣೆ ಕಟ್ಟಿ ಕತ್ತಲು ಹರಿಯುವ ಮೊದಲೇ ಹತ್ತಿ ಸದ್ದಿಲ್ಲದೆ ಕಾಯುವುದು. ಮಲೆನಾಡಿನ ಹಿರಿಯರು ‘ಮರಸು ಕೂರುವುದು’ ಎನ್ನುತ್ತಿದ್ದದ್ದು ಇದನ್ನೇ. 2005ರ ಚಳಿಗಾಲದಲ್ಲಿ ತಮ್ಮ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಕಾಲಿಟ್ಟು ಜಾರಿದರು. ಬಲ ಹೆಗಲಿನ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಕಾಫಿ ಲೋಟ ಎತ್ತುವಷ್ಟು ಕೈ ಬಂತು, ತಲೆ ಬಾಚುವಷ್ಟು ಬರಲಿಲ್ಲ. ಹೆಗಲು ಹಿಡಿದುಕೊಂಡು ಜಡೆ ಹಾಕಿಕೊಳ್ಳಲಾಗದ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಲ್ಲು ಎಳೆಯುವುದು ತೋಳಿನ ಕೆಲಸವೆಂದು ತೋರಿದರೂ ಭಾರವೆಲ್ಲ ಬೀಳುವುದು ಹೆಗಲು, ಬೆನ್ನಿನ ಮೇಲೆ. ಬೇಟೆಯ ಬಿಲ್ಲನ್ನು ಎಳೆಯಲು 25–30 ಕೆ.ಜಿ. ಬಲ ಬೇಕು. ಎಳೆದರಷ್ಟೇ ಆಗಲಿಲ್ಲ, ಜಿಂಕೆ ಸರಿಯಾಗಿ ತಿರುಗುವ ತನಕ ಹಿಡಿದಿರಬೇಕು. ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ತುದಿಗಳಲ್ಲಿ ಚಕ್ರ ಕೂರಿಸಿದ ‘ಕಾಂಪೌಂಡ್’ ಬಿಲ್ಲನ್ನು ಕಂಡುಹಿಡಿದು 1969ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ಪೂರ್ತಿ ಎಳೆದ ಮೇಲೆ ಭಾರ ಏಳೆಂಟು ಕೆ.ಜಿ.ಗೆ ಇಳಿಯುತ್ತದೆ. ಆದರೆ ಆ ಇಳಿಜಾರು ತಲುಪಲು ಮೊದಲು ಗುಡ್ಡ ಹತ್ತಲೇಬೇಕಲ್ಲ! ತಾತನ ಹೆಗಲು ಗುಡ್ಡದ ಬುಡದಲ್ಲೇ ಕೂತುಬಿಟ್ಟಿತು. ಕೋವಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರಾ? ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದು ಅದೇ ಹೆಗಲಿಗೆ.

ಎರಡು ಅಕ್ಟೋಬರ್ ಅವರು ಕಿಟಕಿಯ ಪಕ್ಕ ಕೂತು ಗೆಳೆಯರ ಗಾಡಿ ಹೋಗುವುದನ್ನು ನೋಡಿದರು. ಆ ದಿನಗಳಲ್ಲಿ ಅವರನ್ನು ಮಾತಾಡಿಸುವುದೂ ಕಷ್ಟವಾಗಿತ್ತು.

ಆಮೇಲೆ ಬಂತು ಕ್ರಾಸ್‌ಬೋ, ಅಡ್ಡಬಿಲ್ಲು. ಬಿಲ್ಲನ್ನು ಕೋವಿಯ ಹಿಡಿಯಂಥ ದಿಮ್ಮಿಯ ಮೇಲೆ ಅಡ್ಡ ಮಲಗಿಸಿದ ಹಾಗೆ. ಹೆದೆಯನ್ನು ಒಮ್ಮೆ ಎಳೆದು ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಹಿಡಿದಿರುವ ಕೆಲಸ ಕೊಂಡಿಯದು. ಜಿಂಕೆ ಬಂದಾಗ ಟ್ರಿಗರ್ ಒತ್ತಿದರೆ ಗಿಡ್ಡ ಬಾಣ ಹೊರಡುತ್ತದೆ. ಹೊಸ ಸಂಗತಿಯೇನಲ್ಲ. ಗ್ರೀಕರಲ್ಲಿ ‘ಹೊಟ್ಟೆಬಿಲ್ಲು’ ಎಂಬ ಅರ್ಥದ ಹೆಸರಿನ ಒಂದು ಬಿಲ್ಲಿತ್ತು. ತೋಳಿಗೆ ಬಗ್ಗದ ಅದನ್ನು ಹೊಟ್ಟೆಗೆ ಆನಿಸಿ, ಮೈಭಾರದಿಂದ ನೂಕಿ ಹೂಡುತ್ತಿದ್ದರು. ಚೀನಾದ ಮಣ್ಣಿನ ಸೈನಿಕರ ಗುಂಡಿಗಳಲ್ಲಿ ಅಡ್ಡಬಿಲ್ಲಿನ ಕಂಚಿನ ಟ್ರಿಗರುಗಳು ಸಿಕ್ಕಿವೆ. 1139ರಲ್ಲಿ ರೋಮಿನ ಧರ್ಮಸಭೆ ಕ್ರೈಸ್ತರ ಮೇಲೆ ಇದನ್ನು ಬಳಸಕೂಡದೆಂದು ವಿಧಿಸಿತು. ಯಾರೂ ಕೇಳಲಿಲ್ಲ. 1199ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ ಸತ್ತದ್ದು ಇಂಥದೇ ಬಾಣದ ಗಾಯದಿಂದ.

ಶಾಲೆಯಲ್ಲಿ ರಾಟೆಯ ಪಾಠ ಆದವರು ಇಲ್ಲಿ ಗಮನಿಸಿ. ಈ ಹೆದೆಯನ್ನು ಎಳೆಯಲು 70–80 ಕೆ.ಜಿ. ಬಲ ಬೇಕಾಗುತ್ತದೆ, ಅಂದರೆ ಮಾಮೂಲಿ ಬಿಲ್ಲಿಗಿಂತ ಹೆಚ್ಚು! ಹಾಗಾದರೆ ಸೋತ ಹೆಗಲಿಗೆ ಏನು ಉಪಕಾರ? ಮುಂದಿನ ಬಳೆಯೊಳಗೆ ಕಾಲಿಟ್ಟು ಬಿಲ್ಲನ್ನು ನೆಲಕ್ಕೆ ಒತ್ತಿ, ರಾಟೆಯಿರುವ ಹಗ್ಗದಿಂದ ಎಳೆದರೆ ಭಾರ ಅರ್ಧವಾಗುತ್ತದೆ, ಎಳೆಯುವ ದೂರ ಎರಡರಷ್ಟಾಗುತ್ತದೆ. ಅದೂ ಆಗದವರಿಗೆ ಸಣ್ಣ ಹಿಡಿಯ ಚಕ್ರವಿದೆ. ನಿಧಾನವಾಗಿ ಸುತ್ತುತ್ತ ಹೋದರೆ ಮಗುವಿನ ಕೈಗೂ ಬಗ್ಗುತ್ತದೆ. ತಾತ ಸುತ್ತುವುದು ಎಡಗೈಯಲ್ಲಿ. ಒಂದೇ ಎಚ್ಚರಿಕೆ: ಹೆದೆ ಓಡುವ ದಾರಿಯಲ್ಲಿ ಬೆರಳಿಟ್ಟರೆ ಬೆರಳು ಉಳಿಯುವುದಿಲ್ಲ. ಏಕಲವ್ಯನ ಗತಿಯೇ.

ಆ ಕಾಲದಲ್ಲಿ ಮಿಷಿಗನ್ನಿನಲ್ಲಿ ಬಿಲ್ಲಿನ ಋತುವಿನಲ್ಲಿ ಅಡ್ಡಬಿಲ್ಲು ಹಿಡಿಯಲು ಅಂಗವೈಕಲ್ಯದ ವಿಶೇಷ ಪರವಾನಗಿ ಬೇಕಿತ್ತು. ವೈದ್ಯರ ಪತ್ರ ಲಗತ್ತಿಸಿ ತಾತ ಅರ್ಜಿ ಹಾಕಿದರು. 2007ರಲ್ಲಿ ಕೈಗೆ ಬಂತು. ಅದನ್ನು ನನಗೆ ತೋರಿಸಿದಾಗಿನ ಅವರ ಮುಖದಲ್ಲಿ ಸಂತೋಷವೂ ಇತ್ತು, ಸಂಕೋಚವೂ ಇತ್ತು.

ಸಂಕೋಚಕ್ಕೆ ಕಾರಣ ಗೆಳೆಯರೇ. ಅವರಲ್ಲೊಬ್ಬರು, ಮಗನ ಮದುವೆಯಲ್ಲಿ ಇವರನ್ನು ಪಕ್ಕದಲ್ಲೇ ಕೂರಿಸಿಕೊಂಡವರು, “ಇದು ಬಿಲ್ಲಲ್ಲ, ದಾರ ಕಟ್ಟಿದ ಬಂದೂಕು. ಬಿಲ್ಲಿನವರ ಜೊತೆ ಇದಕ್ಕೆ ಜಾಗವಿಲ್ಲ” ಎಂದುಬಿಟ್ಟರು. ತಾತ ಜಗಳವಾಡಲಿಲ್ಲ. ಅವರನ್ನು ಅಭ್ಯಾಸದ ಬಯಲಿಗೆ ಕರೆದೊಯ್ದು, ಅರವತ್ತು ಗಜ ದೂರದಲ್ಲಿ ಗುರಿಯಿಟ್ಟು, “ಬಂದೂಕಲ್ಲವೇ? ಹೊಡಿ” ಎಂದು ಕೈಗೆ ಕೊಟ್ಟರು. ಬಾಣ ಗುರಿಯ ಕೆಳಗೆ ಹುಲ್ಲಿಗೆ ಬಿತ್ತು. ಗಿಡ್ಡ ಬಾಣ ಬಿರುಸಾಗಿ ಹೊರಟರೂ ದೂರ ಹೋದಷ್ಟೂ ಕೆಳಗೆ ಬಾಗುತ್ತದೆ. ಜೊತೆಗೆ ಹೆದೆಯ ‘ಟಪ್’ ಸದ್ದಿಗೆ ಜಿಂಕೆ ಬೆಚ್ಚಿ ಜಿಗಿದಿರುತ್ತದೆ. ಹೀಗಾಗಿ ಇದರಲ್ಲೂ ಮೂವತ್ತು ನಲವತ್ತು ಗಜದೊಳಗೆ ಬರುವ ತನಕ ಕಾಯಲೇಬೇಕು.

ನನ್ನನ್ನು ಕೇಳಿದರೆ ಆ ಗೆಳೆಯರ ಮಾತಿನಲ್ಲೂ ಅರ್ಧ ಸತ್ಯವಿದೆ. ಎಳೆದ ಹೆದೆಯನ್ನು ನಡುಗದೆ ಹಿಡಿದಿರುವುದೇ ಬಿಲ್ಲುಗಾರನ ಅರ್ಧ ವಿದ್ಯೆ. ಪೋಪ್ ಅಂಡ್ ಯಂಗ್ ಎಂಬ ಅಮೆರಿಕದ ಬಿಲ್ಲುಬೇಟೆಗಾರರ ಕ್ಲಬ್ಬು ಅಡ್ಡಬಿಲ್ಲಿನ ಬೇಟೆಯನ್ನು ತನ್ನ ದಾಖಲೆ ಪುಸ್ತಕದಲ್ಲಿ ಸೇರಿಸುವುದಿಲ್ಲ, ಅದು ಸರಿಯೇ. ಆದರೆ ದಾಖಲೆ ಪುಸ್ತಕ ಬೇರೆ, ಕಾಡು ಬೇರೆ. ಮೂವತ್ತು ವರ್ಷದ ಗೆಳೆತನವನ್ನು ಹೆಗಲಿನ ಬಲದಿಂದ ಅಳೆಯಬಾರದು.

2009ರಿಂದ ಮಿಷಿಗನ್ನು ಹಂತ ಹಂತವಾಗಿ ಎಲ್ಲರಿಗೂ ಅಡ್ಡಬಿಲ್ಲಿನ ಅನುಮತಿ ಕೊಟ್ಟಿತು. ಗಟ್ಟಿಮುಟ್ಟಾದ ಹುಡುಗರೂ ಅದನ್ನೇ ಹಿಡಿದು ಬರತೊಡಗಿದಾಗ ತಾತನಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ: “ಈಗ ನನ್ನ ಕೈಯಲ್ಲಿ ಇದನ್ನು ನೋಡಿ, ನಿನಗೇನಾಗಿದೆ ಎಂದು ಯಾರೂ ಕೇಳುವುದಿಲ್ಲ.”

ಕೈಕಾಲು ಎರಡೂ ಆಡದವರಿಗಾಗಿ, ಬಾಯಲ್ಲಿಟ್ಟ ಕೊಳವೆಯನ್ನು ಹೀರಿದರೆ ಟ್ರಿಗರ್ ಒತ್ತುವ ಸಾಧನವೂ ಇದೆ. ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಮತ್ತು ಅಂಗವಿಕಲರಿಗೆಂದೇ ಎರಡು ದಿನದ ಬೇಟೆ ಇರುತ್ತದೆ. ಇತ್ತ ನಮ್ಮ ಜಮ್ಮು-ಕಾಶ್ಮೀರದ ಶೀತಲ್ ದೇವಿ ಎರಡೂ ಕೈಗಳಿಲ್ಲದೆ, ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದದ್ದು ನಿಮಗೆ ಗೊತ್ತೇ ಇದೆ. ಅವರ ಗುರಿ ಬಣ್ಣದ ಹಲಗೆ ಮಾತ್ರ, ಅದು ನನಗೆ ಹೆಚ್ಚು ಇಷ್ಟ.

“ಜಿಂಕೆಯನ್ನು ಯಾಕೆ ಸಾಯಿಸಬೇಕು?” ಎಂದು ಮೊಮ್ಮಗಳು ತಾತನನ್ನೇ ಕೇಳಿದಳು. ಅವರು ಸುತ್ತಿ ಬಳಸಿ ಹೇಳಲಿಲ್ಲ. ತಿನ್ನುವುದಕ್ಕೆ, ಎಂದರು. ನಾವಿರುವ ದಕ್ಷಿಣ ಭಾಗದಲ್ಲಿ ಜಿಂಕೆ ಹಿಡಿಯುವ ತೋಳಗಳಿಲ್ಲ; ರಾಜ್ಯದಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ ಎಂದೂ ಹೇಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಅವರ ಮನೆಯ ಆ ಸಾರನ್ನು ಮುಟ್ಟದ ನನಗೂ ಪೂರ್ತಿ ಆಗಿಲ್ಲ.

ಹೋದ ಅಕ್ಟೋಬರಿನಲ್ಲಿ ಒಂದು ಸಂಜೆ ಅವರ ಜೊತೆ ಹೋಗಿ ಕೂತಿದ್ದೆ. ಮರ ಹತ್ತಲಾಗದ್ದರಿಂದ ನೆಲದ ಮೇಲೇ ಸಣ್ಣ ಗುಡಾರ. ಒಂದು ಹೆಣ್ಣು ಜಿಂಕೆ ಬಂತು, ನಿಂತಿತು, ನಮ್ಮ ಕಡೆಗೇ ಮುಖಮಾಡಿ ಕಿವಿ ನಿಗುರಿಸಿತು. ಪಕ್ಕೆ ತಿರುಗದೆ ಹೊಡೆದರೆ ಗಾಯವಾಗಿ ಓಡಿ ನರಳುತ್ತದೆ ಎಂದು ತಾತ ಬೆರಳು ಆಡಿಸಲಿಲ್ಲ. ಕತ್ತಲಾಯಿತು. ಅವರ ಅಡ್ಡಬಿಲ್ಲನ್ನು ಒಮ್ಮೆ ಹೂಡಿದರೆ ಬಾಣ ಬಿಟ್ಟೇ ಖಾಲಿ ಮಾಡಬೇಕು. ಅದಕ್ಕೆಂದೇ ತಂದಿದ್ದ ಅಭ್ಯಾಸದ ಮೂಟೆಗೆ ಹೊಡೆದರು. ಅವರ ಹೆಗಲು ಹಾಗೆ, ನನ್ನ ಮಂಡಿ ಹೀಗೆ. ಆ ಮೂಟೆಯಿಂದ ಬಾಣ ಕಿತ್ತು ತೆಗೆಯಲು ನಾವಿಬ್ಬರು ಮುದುಕರು ಟಾರ್ಚಿನ ಬೆಳಕಿನಲ್ಲಿ ಹತ್ತು ನಿಮಿಷ ಹೆಣಗಿದೆವು.