ಒಂದೇ ಎದೆಬಡಿತ, ಹಲವು ಹೆಸರು

ಹೈದರಾಬಾದು, ಬೆಂಗಳೂರು, ಮುಂಬಯಿ, ಪುಣೆ. ಈ ನಾಲ್ಕು ಊರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಹೊರನಾಡ ಕನ್ನಡಿಗರಾದ ನಮಗೆ ರಾತ್ರಿಯ ರೈಲುಗಳೂ ರಾಜ್ಯೋತ್ಸವದ ವೇದಿಕೆಗಳೂ ನೆನಪಾಗುತ್ತವೆ. ಯುರೋಪಿನ ಔಷಧ ನಿಯಂತ್ರಕರಿಗೆ ನೆನಪಾಗುವುದು ಬೇರೆಯೇ. 2015ರ ಜನವರಿಯಲ್ಲಿ ಯುರೋಪಿಯನ್ ಔಷಧ ಸಂಸ್ಥೆ ಸುಮಾರು 700 ಜೆನೆರಿಕ್ ಔಷಧಗಳ ಪರವಾನಗಿಯನ್ನು ಅಮಾನತಿನಲ್ಲಿಡುವಂತೆ ಶಿಫಾರಸು ಮಾಡಿತು. ಅವುಗಳ ಪರೀಕ್ಷೆ ನಡೆದದ್ದು ಹೈದರಾಬಾದಿನ ಜಿವಿಕೆ ಬಯೋಸೈನ್ಸಸ್‌ನಲ್ಲಿ. 2016ರಲ್ಲಿ ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರ್‌ನ ಸರದಿ ಬಂತು. 2020ರಲ್ಲಿ ಮುಂಬಯಿಯ ಪ್ಯಾನೆಕ್ಸೆಲ್. 2023ರ ಡಿಸೆಂಬರಿನಲ್ಲಿ ಪುಣೆಯ ಸಿನಾಪ್ಸ್ ಲ್ಯಾಬ್ಸ್. ಅಲ್ಲಿನ ಅಧ್ಯಯನಗಳನ್ನು ನೆಚ್ಚಿದ್ದ 400ಕ್ಕೂ ಹೆಚ್ಚು ಔಷಧಗಳು ತೂಗುಗತ್ತಿಯ ಕೆಳಗೆ ಬಂದವು. ಈ ಪ್ರಕರಣಗಳು ಲೋಕದ ಕಣ್ಣಿಗೆ ಬಿದ್ದದ್ದು ಹೊರಗಿನಿಂದ ಬಂದ ತಪಾಸಣಾಧಿಕಾರಿಗಳಿಂದ, ನಮ್ಮ ನಿಯಂತ್ರಕರಿಂದಲ್ಲ.

ಸಾಹಿತ್ಯದ ಗೆಳೆಯರ ಕೂಟವೊಂದು ಈ ವಿಷಯಕ್ಕೇಕೆ ಕೈಹಾಕಬೇಕು ಎಂದು ಕೆಲವರು ಹುಬ್ಬೇರಿಸಬಹುದು. ಬರೆದದ್ದು ನಿಜವೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಯದೇ. ಓಲೆಗರಿಯ ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಜಗಳವಾಡುವ ಪರಂಪರೆ ನಮ್ಮದು. ಮಧುಮೇಹದ ಗುಳಿಗೆಯ ಹಿಂದಿರುವ ಕಡತದ ಪಾಠ ಶುದ್ಧವಾಗಿದೆಯೇ ಎಂದು ಕೇಳಲು ನಾವು ನಾಚಬೇಕಾಗಿಲ್ಲ.

ಮೊದಲು ಆ ಕಡತದಲ್ಲಿ ಏನಿರುತ್ತದೆಂದು ನೋಡೋಣ. ಮೂಲ ಔಷಧದ ಪೇಟೆಂಟ್ ಮುಗಿದ ಮೇಲೆ ಅದನ್ನೇ ಅಗ್ಗವಾಗಿ ತಯಾರಿಸುವ ಕಂಪನಿ ಸಾವಿರಾರು ರೋಗಿಗಳ ಮೇಲೆ ಹೊಸದಾಗಿ ಪ್ರಯೋಗ ಮಾಡಬೇಕಾಗಿಲ್ಲ. ಕೆಲವು ಡಜನ್ ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಗುಳಿಗೆ, ಇನ್ನೊಮ್ಮೆ ತನ್ನ ಗುಳಿಗೆ ಕೊಟ್ಟು, ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ನಿಗದಿಯಾದ ಹೊತ್ತಿಗೆ ರಕ್ತ ತೆಗೆದು, ಅದರಲ್ಲಿ ಔಷಧವೆಷ್ಟಿದೆಯೆಂದು ಅಳೆಯುತ್ತಾರೆ. ಎರಡರ ಅನುಪಾತ, ಅಳತೆಯ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಹಿಡಿದು, ಸಾಮಾನ್ಯವಾಗಿ ಶೇ. 80ರಿಂದ 125ರ ನಡುವೆ ನಿಂತರೆ ಎರಡೂ ಸಮಾನ. ಇದಕ್ಕೆ ಜೈವಿಕ ಸಮಾನತೆಯ ಪರೀಕ್ಷೆ ಎನ್ನುತ್ತಾರೆ. ಅಂದರೆ ಕೋಟ್ಯಂತರ ಜನ ನುಂಗುವ ಗುಳಿಗೆಯ ಮೇಲಿನ ನಂಬಿಕೆ, ಒಂದು ವಾರ್ಡಿನಲ್ಲಿ ಮಲಗಿದ್ದ ಮೂವತ್ತು ನಲವತ್ತು ಜನರ ರಕ್ತದ ಮೇಲೂ ಅದು ಎಷ್ಟು ಗಂಟೆಗೆ ತೆಗೆದದ್ದೆಂದು ಬರೆದ ಕೈಯ ಮೇಲೂ ನಿಂತಿದೆ. ಇಷ್ಟು ಸಣ್ಣ ಕಂಬದ ಮೇಲೆ ಇಷ್ಟು ದೊಡ್ಡ ಮಾಡು.

ಹೈದರಾಬಾದಿನಲ್ಲಿ 2014ರ ಮೇ ತಿಂಗಳಲ್ಲಿ ಫ್ರಾನ್ಸಿನ ಅಧಿಕಾರಿಗಳು ಒಂಬತ್ತು ಅಧ್ಯಯನಗಳ ಕಡತ ಬಿಚ್ಚಿದರು. ಒಂಬತ್ತರಲ್ಲಿಯೂ ಇಸಿಜಿ ತಿದ್ದಿದ ಗುರುತುಗಳು ಸಿಕ್ಕವು. ಬೇರೆ ಬೇರೆ ಜನರ ಹೃದಯದ ದಾಖಲೆಗಳೆಂದು ಇಟ್ಟಿದ್ದ ಕಾಗದಗಳಲ್ಲಿ ಒಬ್ಬನದೇ ಎದೆಬಡಿತ ಹಲವು ಹೆಸರುಗಳನ್ನು ಹೊತ್ತು ನಿಂತಿತ್ತು. ಇದು ಕನಿಷ್ಠ ಐದು ವರ್ಷ ನಡೆದಿತ್ತೆಂದು ಯುರೋಪಿಯನ್ ಸಂಸ್ಥೆ ಹೇಳಿತು. ಆಗ ನಮ್ಮಲ್ಲಿ ಕೇಳಿಬಂದ ಸಮರ್ಥನೆಯನ್ನು ಮರೆಯಲಾಗದು: ಇಸಿಜಿ ಸ್ವಯಂಸೇವಕರ ಸುರಕ್ಷತೆಗಾಗಿ ತೆಗೆಯುವಂಥದ್ದು, ಔಷಧದ ಅಳತೆಗೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ಫಲಿತಾಂಶ ಕೆಟ್ಟಿಲ್ಲ.

ಶಾಸನಗಳನ್ನು ಓದಿದವರಿಗೆ ಈ ವಾದ ನಗೆ ತರಿಸುತ್ತದೆ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ, ರೈಸ್ ಒಪ್ಪಲಿಲ್ಲ. ಆ ಜಗಳದ ತೀರ್ಪು ಇಲ್ಲಿ ಬೇಡ. ಆದರೆ ಇಬ್ಬರೂ ಒಪ್ಪಿದ್ದ ನೆಲೆಯೊಂದಿತ್ತು. ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ, ಲಿಪಿ ತಾನು ಹೇಳಿಕೊಳ್ಳುವ ಕಾಲದ್ದಲ್ಲವೆಂದು ಕಂಡರೆ, ದಾನದ ಭೂಮಿಯ ಎಲ್ಲೆಗಳನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ವಾರ ಮಾತ್ರ ಸುಳ್ಳು, ಭೂಮಿ ನಿಜ ಎಂದು ಯಾವ ಶಾಸನತಜ್ಞನೂ ಸುಲಭಕ್ಕೆ ಬಿಡಲಾರ. ಯಾರೂ ಗಮನಿಸದ ಕಾಗದದಲ್ಲಿ ಸುಳ್ಳು ಬರೆದ ಕೈ, ಲಕ್ಷಾಂತರ ರೂಪಾಯಿ ಪಣಕ್ಕಿರುವ ಕಾಗದದಲ್ಲಿ ಮಾತ್ರ ಹರಿಶ್ಚಂದ್ರನಾಗಿತ್ತೆಂದು ನಾವೇಕೆ ನಂಬಬೇಕು? ಆ ಇಸಿಜಿಗೆ ಬೆಲೆಯಿಲ್ಲವೆಂಬ ಮಾತಿನಲ್ಲಿಯೇ ಇನ್ನೊಂದು ಒಪ್ಪಿಗೆಯೂ ಅಡಗಿದೆ: ಆ ಸ್ವಯಂಸೇವಕನ ಹೃದಯವನ್ನು ಯಾರೂ ನೋಡಲೇ ಇಲ್ಲ.

ಬೆಂಗಳೂರಿನ ಕಥೆಯಲ್ಲಿ ಈ ಮರೆಯೂ ಉಳಿಯಲಿಲ್ಲ. ಅಲ್ಲಿ ಅಮೆರಿಕದ ಎಫ್‌ಡಿಎ ಕಂಡದ್ದು ರಕ್ತದ ಮಾದರಿಗಳನ್ನೇ ಅದಲುಬದಲು ಮಾಡಿದ್ದನ್ನು. ವಿಶ್ವ ಆರೋಗ್ಯ ಸಂಸ್ಥೆಯ ತಪಾಸಣೆಯಲ್ಲಿ, ಪ್ಲಾಸ್ಮಾ ಮಾದರಿಗಳನ್ನು ಹೇಗೆ ಬದಲಿಸಬೇಕೆಂಬ ವಿವರಗಳಿದ್ದ ಸ್ಪ್ರೆಡ್‌ಶೀಟ್ ಕೇಂದ್ರದ ಸರ್ವರ್‌ನಲ್ಲೇ ಸಿಕ್ಕಿತು. ಸುಳ್ಳಿನ ದಾಖಲೆಯನ್ನಾದರೂ ಅಚ್ಚುಕಟ್ಟಾಗಿ ಇಟ್ಟಿದ್ದರು.

ಇದೆಲ್ಲ ಭಾರತದ ಅಗ್ಗದ ಔಷಧಗಳನ್ನು ಕಂಡು ಕರುಬುವವರ ಪಿತೂರಿಯೆಂಬ ಮಾತು ನಮ್ಮ ನಡುವೆಯೂ ಕೇಳಿಬರುತ್ತದೆ. 2015ರ ಆಗಸ್ಟಿನಲ್ಲಿ ಭಾರತ ಸರ್ಕಾರ ಇದೇ ಅಸಮಾಧಾನದಿಂದ ಯುರೋಪಿನೊಂದಿಗಿನ ವ್ಯಾಪಾರ ಮಾತುಕತೆಯನ್ನು ಮುಂದೂಡಿತು. ದೊಡ್ಡ ಕಂಪನಿಗಳಿಗೆ ಸ್ವಾರ್ಥವಿದೆ, ನಿಜ. 2001ರಲ್ಲಿ ಮುಂಬಯಿಯ ಸಿಪ್ಲಾ, ಏಡ್ಸ್ ರೋಗಿಗೆ ಬೇಕಾದ ಮೂರು ಔಷಧಗಳನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆಂದಾಗ ಅವು ಬೆಚ್ಚಿದ್ದೂ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಯಾವ ಕಂಪನಿಯ ಪ್ರತಿಸ್ಪರ್ಧಿ? ಅದು ಔಷಧಗಳನ್ನು ಪರಿಶೀಲಿಸುವುದು ಬಡ ದೇಶಗಳ ಏಡ್ಸ್, ಕ್ಷಯ, ಮಲೇರಿಯಾ ರೋಗಿಗಳಿಗಾಗಿ. ಸಿಪ್ಲಾದ ಆ ಒಂದು ಡಾಲರಿನ ಮಾತಿಗೆ ತೂಕ ಬಂದದ್ದು ಗುಳಿಗೆ ಕೆಲಸ ಮಾಡುತ್ತದೆಂಬ ನಂಬಿಕೆಯಿಂದ. ಆ ನಂಬಿಕೆಗೆ ಕನ್ನ ಹಾಕಿದವರು ನಮ್ಮವರೇ ಇರುವಾಗ ಪ್ಯಾರಿಸ್ಸಿನತ್ತ ಬೆರಳು ತೋರಿಸುವುದು ಯಾವ ದೇಶಪ್ರೇಮ?

ಯಾರಿಗೂ ಕೇಡಾದದ್ದಕ್ಕೆ ಸಾಕ್ಷ್ಯವಿಲ್ಲವೆಂಬ ವಾದವೂ ಇದೆ. ಹೈದರಾಬಾದಿನ ಪ್ರಕರಣದಲ್ಲಿ ಯುರೋಪಿಯನ್ ಸಂಸ್ಥೆಯೇ ಹಾಗೆ ಹೇಳಿತ್ತು. ಸಾಕ್ಷ್ಯವನ್ನೇ ತಿದ್ದಿರುವ ಕಡೆ ಸಾಕ್ಷ್ಯವಿಲ್ಲವೆಂಬುದರಿಂದ ನಮಗೆ ನೆಮ್ಮದಿಯಾಗದು.

ಇಂಥ ಪ್ರತಿ ಹಗರಣದ ಬಳಿಕ ಕೊಡುವ ಮದ್ದು ಒಂದೇ: ಇನ್ನಷ್ಟು ನಮೂನೆ, ಇನ್ನಷ್ಟು ತರಬೇತಿ, ಇನ್ನಷ್ಟು ಸಹಿ. ಉತ್ತಮ ದಾಖಲೆಯ ಲಕ್ಷಣಗಳನ್ನು ಈ ಕ್ಷೇತ್ರದವರು ಮಗ್ಗಿಯಂತೆ ಒಪ್ಪಿಸುತ್ತಾರೆ: ಯಾರು ಬರೆದರೆಂದು ತಿಳಿಯಬೇಕು, ಓದಲು ಬರಬೇಕು, ಆ ಕ್ಷಣದಲ್ಲೇ ಬರೆದಿರಬೇಕು, ಮೂಲಪ್ರತಿಯಾಗಿರಬೇಕು, ನಿಖರವಾಗಿರಬೇಕು. ತಪ್ಪೇನಿಲ್ಲ. ಆದರೆ ರಾತ್ರಿ ಪಾಳಿಯ ಹುಡುಗನೊಬ್ಬ ಇಪ್ಪತ್ತು ಜನರ ಕೈಗೆ ಕ್ಯಾನುಲಾ ಚುಚ್ಚಿ, ಅರ್ಧರ್ಧ ಗಂಟೆಗೆ ರಕ್ತ ಎಳೆಯುತ್ತ, ನಡುವೆ ಒಬ್ಬನ ರಕ್ತ ಹತ್ತು ನಿಮಿಷ ತಡವಾದಾಗ ಏನು ಬರೆಯುತ್ತಾನೆ? ನಿಜ ಬರೆದರೆ ‘ವ್ಯತ್ಯಯ’ ಎಂಬ ಇನ್ನೊಂದು ನಮೂನೆ, ಅದಕ್ಕೊಂದು ವಿವರಣೆ, ಮೇಲಿನವರ ಸಿಡುಕು. ಸುಳ್ಳು ಬರೆದರೆ ಎಲ್ಲವೂ ಸುಸೂತ್ರ. ರಕ್ತದೊತ್ತಡದ ದಾಖಲೆಗಳಲ್ಲಿ ಸೊನ್ನೆಯಿಂದ ಮುಗಿಯುವ ಅಂಕಿಗಳು ಲೆಕ್ಕಕ್ಕಿಂತ ಹೆಚ್ಚಾಗಿ ಸಾಲುಗಟ್ಟುವುದನ್ನು ಸಂಖ್ಯಾಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲರು. ಆ ಸೊನ್ನೆಗಳಲ್ಲಿ ದಣಿವಿದೆ, ಅಂಜಿಕೆಯಿದೆ. ಎಷ್ಟು ರೋಗಿಗಳನ್ನು ಸೇರಿಸಿದಿರಿ ಎಂಬುದರ ಮೇಲೆ ಹಣ ಕೊಡುವ ವ್ಯವಸ್ಥೆ, ಸೇರಬಾರದವರನ್ನು ಸೇರಿಸುವ ಪೆನ್ನನ್ನೂ ತಾನೇ ಕೈಗಿಡುತ್ತದೆ. ಒಂದು ಕೇಂದ್ರದಲ್ಲಿ ರಕ್ತ ಕೊಟ್ಟ ಬಡವ ದೇಹದಿಂದ ಹಳೆಯ ಔಷಧ ಇಳಿಯುವ ಮೊದಲೇ ಇನ್ನೊಂದು ಕೇಂದ್ರದ ಬಾಗಿಲಲ್ಲಿ ನಿಂತರೆ, ಅವನ ಹಸಿವು ಕೂಡ ನಮ್ಮ ದತ್ತಾಂಶದಲ್ಲಿ ಸೇರುತ್ತದೆ. ನಿಜ ಬರೆದವನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ಹತ್ತು ಹೊಸ ನಮೂನೆಗಳಿಗಿಂತ ಮೇಲು.

ಖಮ್ಮಂ ಜಿಲ್ಲೆಯ ಉದಾಹರಣೆ ಇದನ್ನು ಇನ್ನೊಂದು ದಿಕ್ಕಿನಿಂದ ತೋರುತ್ತದೆ. 2009ರಲ್ಲಿ ಅಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಮುಂದೆ ಸಂಸತ್ತಿನ ಸ್ಥಾಯಿ ಸಮಿತಿಯ 2013ರ ವರದಿಯಲ್ಲಿ ದಾಖಲಾದಂತೆ, ಆಂಧ್ರಪ್ರದೇಶದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲಿನ ವಾರ್ಡನ್‌ಗಳು. ಮಕ್ಕಳ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು, ಅದನ್ನು ನಾವು ಒಪ್ಪುತ್ತೇವೆ. ಲಸಿಕೆ ಒಳ್ಳೆಯದೆಂದೂ ಒಪ್ಪುತ್ತೇವೆ. ಆದರೆ ವಾರ್ಡನ್ ಸಹಿ ಹಾಕಿದ ಮಗುವಿಗೆ ಮರುದಿನ ಜ್ವರ ಬಂದರೆ ಯಾರಿಗೆ ಹೇಳಬೇಕು, ಯಾರು ಬರೆದುಕೊಳ್ಳಬೇಕು? ಹೆತ್ತವರಿಗೆ ತಿಳಿಯದ ಪ್ರಯೋಗದಲ್ಲಿ ಅಡ್ಡಪರಿಣಾಮಗಳ ಪಟ್ಟಿ ಖಾಲಿಯಿರುವುದು ಸಹಜ. ಒಪ್ಪಿಗೆ ಪತ್ರವನ್ನು ನೀತಿಯ ಖಾತೆಗೂ ದತ್ತಾಂಶವನ್ನು ವಿಜ್ಞಾನದ ಖಾತೆಗೂ ಹಾಕುವ ರೂಢಿ ಇಲ್ಲಿ ಕುಸಿಯುತ್ತದೆ. ಸಹಿಯ ಕೊರತೆಯಿಂದ ಹುಟ್ಟಿದ ಅನುಮಾನ ಒಳ್ಳೆಯ ಲಸಿಕೆಯ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಂಡಿತು.

ಹಾಗಾದರೆ ನಾವು ಕೇಳುವುದೇನು? ಒಂದೇ ಸಂಗತಿ. ಅಮೆರಿಕದ ಎಫ್‌ಡಿಎ ತನ್ನ ಎಚ್ಚರಿಕೆ ಪತ್ರಗಳನ್ನು ಕಂಪನಿಯ ಹೆಸರಿನೊಂದಿಗೆ ಪ್ರಕಟಿಸುತ್ತದೆ. ಯುರೋಪು ಅಮಾನತಾದ ಔಷಧಗಳ ಪಟ್ಟಿಯನ್ನೇ ಇಡುತ್ತದೆ. ನಮ್ಮ ಕೇಂದ್ರೀಯ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟವಿಲ್ಲದ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳು ಹೊರಡಿಸುತ್ತದೆ, ಅದು ಮೆಚ್ಚಬೇಕಾದದ್ದೇ. ಆದರೆ ಪ್ರಯೋಗ ಕೇಂದ್ರಗಳ ತಪಾಸಣಾ ವರದಿಗಳು ಜನರ ಕೈಗೆ ಸಿಗುವ ರೂಢಿ ಬೆಳೆದಿಲ್ಲ. 2017ರ ಏಪ್ರಿಲಿನಿಂದ ಸುಲಭವಾಗಿ ಕರಗದ ಹಲವು ಬಗೆಯ ಔಷಧಗಳಿಗೆ ನಮ್ಮಲ್ಲೂ ಜೈವಿಕ ಸಮಾನತೆಯ ಪುರಾವೆ ಕಡ್ಡಾಯ. 2019ರ ಹೊಸ ನಿಯಮಗಳು ಈ ಕೇಂದ್ರಗಳ ನೋಂದಣಿ, ತಪಾಸಣೆಗಳಿಗೆ ಅಧಿಕಾರ ಕೊಟ್ಟಿವೆ. ತಪಾಸಣೆ ನಡೆದಿದ್ದರೆ ಅದರ ವರದಿ ಹೊರಗೆ ಬರಲಿ.

ಮುಂಬಯಿ, ಪುಣೆ, ಹೈದರಾಬಾದು, ದೆಹಲಿಯ ನಮ್ಮ ಕೂಟಗಳಲ್ಲಿ ಔಷಧ ಕಂಪನಿಗಳಿಂದ ನಿವೃತ್ತರಾದವರು, ಸಂಖ್ಯಾಶಾಸ್ತ್ರ ಕಲಿಸಿದವರು, ವಕೀಲರು ಎಲ್ಲರೂ ಇದ್ದಾರೆ. ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ 10 ರೂಪಾಯಿ. ತಮ್ಮ ಊರಿನ ಜೈವಿಕ ಸಮಾನತೆ ಕೇಂದ್ರಗಳ ತಪಾಸಣೆ ಕಳೆದ ಐದು ವರ್ಷಗಳಲ್ಲಿ ಎಷ್ಟು ಬಾರಿ ನಡೆಯಿತು, ಏನು ಕಂಡುಬಂತು ಎಂದು ಪ್ರತಿ ಕೂಟವೂ ಕೇಳಲಿ. ವಾಣಿಜ್ಯ ರಹಸ್ಯವೆಂದು 8(1)(ಡಿ) ಕಲಮನ್ನು ಮುಂದೊಡ್ಡಿ ಅರ್ಜಿ ತಳ್ಳಿದರೆ, ವ್ಯಾಪಕ ಸಾರ್ವಜನಿಕ ಹಿತವಿದ್ದಾಗ ಮಾಹಿತಿ ಕೊಡಬಹುದೆಂದು ಅದೇ ಕಲಮಿನ ಕೊನೆಯಲ್ಲಿ ಬರೆದಿದೆ. ಮೇಲ್ಮನವಿಯಲ್ಲಿ ಆ ಸಾಲನ್ನು ಪೂರ್ತಿಯಾಗಿ ನಮೂದಿಸಬೇಕು.