ಕರುಣೆ ಕೈಯಿಂದ ಕೈಗೆ

ದೀಕ್ಷೆ ಕೊಡುವಾಗ ಗುರುಗಳು ಶಿಷ್ಯನ ತಲೆಯ ಮೇಲೆ ಕೈಯಿಡುತ್ತಾರೆ. ಹಸ್ತಮಸ್ತಕ ಸಂಯೋಗವೆಂದು ಅದಕ್ಕೆ ಹೆಸರು. ಕಿವಿಯಲ್ಲಿ ಮಂತ್ರೋಪದೇಶವಾಗುವುದು ಆಮೇಲೆ. ಕೆಲವು ವಿದ್ಯೆಗಳು ಬಾಯಿಮಾತಿನಿಂದ ಬರುವುದಿಲ್ಲ, ಬಲ್ಲವರ ಕೈಯಿಂದ ಕಲಿಯುವವರ ಕೈಗೆ ಇಳಿಯಬೇಕು ಎಂಬುದನ್ನು ನಮ್ಮ ಪೂರ್ವಿಕರು ಹೀಗೆ ಆಚರಣೆಯಲ್ಲಿಯೇ ಇಟ್ಟರು. ರೋಗಿಗಳ ಶುಶ್ರೂಷೆಯೂ ಅಂಥದೊಂದು ವಿದ್ಯೆ.

ಇಂದು ನಮ್ಮ ಹಳ್ಳಿಗಳಿಂದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನರ್ಸಿಂಗ್ ಓದಲು ಹೋಗುತ್ತಿದ್ದಾರೆ. ಜಿ.ಎನ್.ಎಂ. ಆದರೆ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ ಆದರೆ 4 ವರ್ಷ. ಕಾಲೇಜು ಸೇರಿದ ಹೊಸತರಲ್ಲಿ ದೀಪ ಬೆಳಗಿಸುವ ಸಮಾರಂಭ ನಡೆಯುತ್ತದೆ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋಗಿ, ರಾತ್ರಿ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದ ಫ್ಲಾರೆನ್ಸ್ ನೈಟಿಂಗೇಲ್ ಅವರ ನೆನಪಿನ ದೀಪವದು. 1860ರಲ್ಲಿ ಆ ತಾಯಿ ಲಂಡನ್ನಿನಲ್ಲಿ ದಾದಿಯರ ಶಾಲೆಯನ್ನು ತೆರೆದದ್ದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ರೋಗಿಗಳ ನಡುವೆಯೇ. ನಮ್ಮಲ್ಲಿ ಸಮಾರಂಭಕ್ಕೆ ಮಠಾಧೀಶರನ್ನು ಕರೆಯುತ್ತಾರೆ, ದಯೆಯ ಬಗ್ಗೆ ಆಶೀರ್ವಚನವಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಮುಂದೆ ಆ ಮಗು ವಾರ್ಡಿಗೆ ಹೋದಾಗ ಅದರ ಕಣ್ಣಿಗೆ ಏನು ಬೀಳುತ್ತದೆ ಎಂದು ಕೇಳುವವರು ಕಡಿಮೆ.

ಹದಿನೆಂಟರ ಹುಡುಗಿ. ಊರಲ್ಲಿ ಅಜ್ಜಿಯ ಕಾಲೊತ್ತಿ ಬೆಳೆದವಳು. ಕರುಣೆ ಅವಳಿಗೆ ಹೊಸದಲ್ಲ, ಬುತ್ತಿಯಂತೆ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಾಳೆ. ವಾರ್ಡಿನಲ್ಲಿ ನೋಡಿದರೆ ರೋಗಿಗೆ ಹೆಸರೇ ಇಲ್ಲ. ‘ಹನ್ನೆರಡನೇ ಬೆಡ್’, ‘ಆ ಕಿಡ್ನಿ ಕೇಸು’. ಎಷ್ಟು ಇಂಜೆಕ್ಷನ್ ಕೊಟ್ಟೆ, ಎಷ್ಟು ಗಾಯ ಕಟ್ಟಿದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಕೊಳ್ಳಬೇಕು. ನರಳುವವರ ಬಳಿ ಐದು ನಿಮಿಷ ಕುಳಿತದ್ದನ್ನು ಬರೆಯಲು ಅಲ್ಲಿ ಜಾಗವಿಲ್ಲ. ಕುಳಿತರೆ ‘ಕೆಲಸವಿಲ್ಲವೇನು?’ ಎಂಬ ಗದರಿಕೆ. ಕೈ ನಡುಗಿ ಸೂಜಿ ತಪ್ಪಿದರೆ ರೋಗಿಯ ಎದುರಲ್ಲೇ ಬೈಗುಳ. ಮೊದಲ ಸಾವನ್ನು ಕಂಡ ದಿನ ಅಳು ನುಂಗಿಕೊಂಡು ಆ ಹಾಸಿಗೆಯ ಬಟ್ಟೆ ಬದಲಿಸುತ್ತಾಳೆ. ಹೀಗೆ ಆರು ತಿಂಗಳಾದರೆ ಮನಸ್ಸು ತನ್ನ ರಕ್ಷಣೆಗೆ ತಾನೇ ಚಿಪ್ಪು ಕಟ್ಟಿಕೊಳ್ಳುತ್ತದೆ. ಮುಂದೆ ನಾವು ‘ಆ ಸಿಸ್ಟರ್ ಯಾವಾಗಲೂ ಮುಖ ಗಂಟು ಹಾಕಿಕೊಂಡಿರುತ್ತಾಳೆ’ ಎಂದು ದೂರುತ್ತೇವೆ. ಕರುಣೆ ಕಲಿಸುವ ಮಾತು ಆಮೇಲಿರಲಿ, ಆ ಮಗು ತಂದದ್ದನ್ನು ಕಳೆದುಕೊಳ್ಳದಂತೆ ಕಾದರೆ ಸಾಕು.

ಬಸವಣ್ಣನವರ ಮಹಾಮನೆಯಲ್ಲಿ ಮರುಳಶಂಕರದೇವರು ಪ್ರಸಾದದ ಕುಂಡದ ಬಳಿ ಬಹುಕಾಲ ಇದ್ದರು. ನಿತ್ಯವೂ ಅಸಂಖ್ಯ ಜನ ಓಡಾಡುವ ಜಾಗ. ಯಾರೋ ಮರುಳನೆಂದು ಎಲ್ಲರೂ ದಾಟಿ ಹೋದರು. ಅಲ್ಲಮಪ್ರಭುಗಳು ನಿಂತು ನೋಡಿದರು, ಗುರುತಿಸಿದರು. ಶೂನ್ಯಸಂಪಾದನೆಯ ಈ ಪ್ರಸಂಗವನ್ನು ಮಠದ ಪ್ರವಚನಗಳಲ್ಲಿ ಭಕ್ತರು ಎಷ್ಟೋ ಸಲ ಕೇಳಿದ್ದೀರಿ. ಅಂಥ ಮನೆಯಲ್ಲಿ, ಅಂಥ ದಾಸೋಹದ ನಡುವೆಯೇ ಹೀಗಾಯಿತೆಂದ ಮೇಲೆ, ಗಡಿಬಿಡಿಯ ವಾರ್ಡಿನಲ್ಲಿ ಮಂಚದ ಮೇಲಿನ ಮನುಷ್ಯ ಕಾಣದೆ ಹೋಗುವುದು ಆಶ್ಚರ್ಯವೇ? ನಿಂತು ನೋಡಿ, ಪಕ್ಕದವರಿಗೂ ತೋರಿಸುವ ಹಿರಿಯರೊಬ್ಬರು ಅಲ್ಲಿ ಬೇಕು. ವಾರ್ಡಿನಲ್ಲಿ ಆ ಹಿರಿಯರೆಂದರೆ ಕಲಿಸುವ ಶಿಕ್ಷಕಿ.

ಆಕೆ ರೋಗಿಯ ಹೆಸರು ಹಿಡಿದು ಕರೆದು, ‘ಯಜಮಾನರೇ, ಮೈ ಒರೆಸುತ್ತೇವೆ, ನೀರು ಬೆಚ್ಚಗಿದೆ’ ಎಂದು ಹೇಳಿ, ಪರದೆ ಎಳೆದು, ತೆಗೆಯಬೇಕಾದಷ್ಟೇ ಬಟ್ಟೆ ತೆಗೆದು, ತಾನೇ ಮೊದಲು ಕೈಹಚ್ಚಿದರೆ ಪಕ್ಕದಲ್ಲಿ ನಿಂತ ಹುಡುಗಿಗೆ ಪಾಠವಾಯಿತು. ಹೊರಳಲಾರದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆಂದು ಪುಸ್ತಕ ಹೇಳುತ್ತದೆ. ಹೊರಳಿಸುವಾಗ ಆ ಅಜ್ಜನ ಮುಖ ಯಾವಾಗ ಕಿವುಚಿತೆಂಬುದನ್ನು ಕಣ್ಣಿಟ್ಟು ನೋಡಿಯೇ ಕಲಿಯಬೇಕು. ಶುಶ್ರೂಷೆ ಎಂಬ ಸಂಸ್ಕೃತ ಮಾತಿನ ಮೂಲಾರ್ಥವೇ ಕೇಳುವ ಇಚ್ಛೆ. ಕೇಳಬಯಸುವವನು ಸೇವೆಯನ್ನೂ ಮಾಡುತ್ತಾನೆಂದು ಅರ್ಥ ಬೆಳೆಯಿತು. ಒಬ್ಬ ವಿದ್ಯಾರ್ಥಿಗೆ ಅದೇ ರೋಗಿಗಳನ್ನು ವಾರವಿಡೀ ಒಪ್ಪಿಸಿದರೆ ಅವರ ಊರು, ಬೆಳೆ, ಮಗಳ ಮದುವೆ ಎಲ್ಲವೂ ಕಿವಿಗೆ ಬೀಳುತ್ತವೆ. ರಾತ್ರಿ ನಿದ್ದೆ ಬಾರದ್ದು ನೋವಿನಿಂದಲೋ ಬ್ಯಾಂಕಿನ ಸಾಲದಿಂದಲೋ ಎಂಬುದು ಆಗ ತಿಳಿದೀತು. ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಕುಳಿತು ಅಂದು ಕಂಡದ್ದನ್ನು, ಹೆದರಿದ್ದನ್ನು ಹೇಳಿಕೊಳ್ಳಲಿ. ಸಾವಾದ ದಿನವಂತೂ ಇದು ತಪ್ಪಬಾರದು. ತಿದ್ದುವುದಿದ್ದರೆ ಆಮೇಲೆ, ಮರೆಯಲ್ಲಿ ಕರೆದು ತಿದ್ದಬಹುದು.

ಹಿರಿಯರಾದ ನಮ್ಮ ಪಾಲೂ ಇದರಲ್ಲಿದೆ. ಕಲಿಯುವ ಹುಡುಗಿ ಬಿ.ಪಿ. ನೋಡಲು ಬಂದರೆ ‘ಕಲಿಯೋಕೆ ನಮ್ಮ ಮೈಯೇ ಬೇಕೇನು?’ ಎಂದು ರೇಗುವವರುಂಟು. ಬೇಡವೆನ್ನುವ ಅಧಿಕಾರ ರೋಗಿಗೆ ಇದ್ದೇ ಇದೆ, ಬೈಯುವ ಅಧಿಕಾರವಿಲ್ಲ. ಬಲ್ಲವರು ಪಕ್ಕದಲ್ಲಿರುವಾಗ ತೋಳು ಚಾಚಿಕೊಡುವುದೂ ಒಂದು ದಾಸೋಹ. ಇನ್ನು ‘ರಾತ್ರಿ ಡ್ಯೂಟಿಯ ಹುಡುಗಿ ಬೇಡ’ ಎಂದು ಸಂಬಂಧ ತಿರುಗಿಸುವ ಮನೆಗಳು, ದಿನಬೆಳಗಾದರೆ ಕಾಯಕದ ಮಾತಾಡುವ ನಮ್ಮ ಸಮಾಜದಲ್ಲೇ ಇವೆ. 2020ರಲ್ಲಿ ಕೋವಿಡ್ ಬಂದಾಗ ಹೆತ್ತ ಮಕ್ಕಳೂ ಹತ್ತಿರ ಹೋಗಲಾರದ ವಾರ್ಡುಗಳಿಗೆ ಹೋದವರು ಇಂಥ ಹುಡುಗಿಯರೇ ಎಂಬುದು ಅಷ್ಟು ಬೇಗ ಮರೆತುಹೋಯಿತೇ?

ಕಡೆಯದಾಗಿ, ನರ್ಸಿಂಗ್ ಕಾಲೇಜು ನಡೆಸುವ ಮಠಗಳಿಗೆ, ಸಂಘಸಂಸ್ಥೆಗಳಿಗೆ ಒಂದು ಮಾತು. 10 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಸೀಟು ತುಂಬಿಸಿ, ಮಕ್ಕಳನ್ನು ಬಸ್ಸಿನಲ್ಲಿ ದೂರದ ಆಸ್ಪತ್ರೆಗೆ ಸಾಗಿಸಿ, ಒಬ್ಬ ರೋಗಿಯ ಸುತ್ತ ಹತ್ತು ಜನರನ್ನು ನಿಲ್ಲಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಹತ್ತು ಜೊತೆ ಕಣ್ಣುಗಳೆದುರು ಯಾವ ರೋಗಿ ಮನಸ್ಸು ಬಿಚ್ಚಿಯಾನು? ಈ ವರ್ಷದ ಪ್ರವೇಶ ಮುಗಿಯುವ ಮುನ್ನ ಆಡಳಿತ ಮಂಡಳಿಯವರು ಮುಂಚಿತವಾಗಿ ತಿಳಿಸದೆ ಒಂದು ಬೆಳಿಗ್ಗೆ ವಾರ್ಡಿಗೆ ಹೋಗಿ, ಒಂದೊಂದು ಮಂಚದ ಸುತ್ತ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಅವರೊಡನೆ ಶಿಕ್ಷಕರು ಇದ್ದಾರೆಯೇ ಎಂದು ಎಣಿಸಿ ಬರಲಿ.